ಬ್ರೌಸರ್ ಓಡುತ್ತದೆ, ಅಪ್‌ಡೇಟ್ ಮಾತ್ರ ಆಗುತ್ತಿಲ್ಲವೇ? ಪ್ರಾಕ್ಸಿ ಹಿಂದಿರುವ ಲಿನಕ್ಸ್ ಲ್ಯಾಬ್‌ಗೆ ಮಾರ್ಗದರ್ಶಿ

ಬೇಸಿಗೆ ರಜೆ ಮುಗಿದು ಲ್ಯಾಬ್ ಬಾಗಿಲು ತೆಗೆಯುವ ಹೊತ್ತಿಗೆ ಕಲಬುರಗಿ, ಬೀದರ್, ಯಾದಗಿರಿ ಕಡೆಯ ಕಾಲೇಜುಗಳಿಂದ ಒಂದೇ ಪ್ರಶ್ನೆ ಮತ್ತೆ ಮತ್ತೆ ಬರುತ್ತದೆ: "ಸರ್, ಬ್ರೌಸರ್‌ದಾಗ ಎಲ್ಲಾ ಓಪನ್ ಆಗ್ತದ, ಉಬುಂಟು ಅಪ್‌ಡೇಟ್ ಮಾತ್ರ ಆಗವಲ್ದ್ರಿ." ಅದರ ಬೆನ್ನಿಗೇ ಇನ್ನೊಂದು ಮಾತು. "ಅಳಿಸಿ ಹೊಸದಾಗಿ ಇನ್‌ಸ್ಟಾಲ್ ಮಾಡಿದ್ವಿ, ಆದ್ರೂ ಅದೇ ಕಥಿ."

ಇನ್‌ಸ್ಟಾಲ್ ಮಾಡಿದರೆ ಹೇಗೆ ಸರಿಹೋದೀತು? ತೊಂದರೆ ಇರುವುದು ಬಹಳ ಸಲ ಆ ಯಂತ್ರದಲ್ಲಲ್ಲ, ನಡುವೆ ಕೂತಿರುವ ಪ್ರಾಕ್ಸಿಯಲ್ಲಿ. ಪ್ರಾಕ್ಸಿ ಅಂದರೆ ಲ್ಯಾಬ್ ಯಂತ್ರಗಳ ಪರವಾಗಿ ಇಂಟರ್ನೆಟ್‌ನಿಂದ ಫೈಲ್ ತಂದುಕೊಡುವ ಸರ್ವರ್. ಒಮ್ಮೆ ತಂದ ಫೈಲಿನ ಪ್ರತಿ ಇಟ್ಟುಕೊಂಡು, ಮುಂದೆ ಕೇಳಿದವರಿಗೆ ಅದನ್ನೇ ಕೊಟ್ಟರೆ ಅದು ಕ್ಯಾಶಿಂಗ್ ಪ್ರಾಕ್ಸಿ. ನಮ್ಮ ಕಡೆ ಹೆಚ್ಚಾಗಿ ಇರುವುದು ಸ್ಕ್ವಿಡ್. 30 ಯಂತ್ರ, ಒಂದೇ ಸಣ್ಣ ಕನೆಕ್ಷನ್ ಇರುವ ಕಡೆ ಇದು ಇರಲೇಬೇಕು. ಆದರೆ ಸರಿಯಾಗಿ ಹೊಂದಿಸದಿದ್ದರೆ ಅಪ್‌ಡೇಟ್ ಕೆಡಿಸುವುದೂ ಇದೇ.

ಶುರು ಮಾಡುವ ಮೊದಲು ಇಷ್ಟು ಕೈಯಲ್ಲಿರಲಿ: ಯಂತ್ರದ ಸುಡೊ ಪಾಸ್‌ವರ್ಡ್ (ಆಡಳಿತದ ಅಧಿಕಾರ ಕೊಡುವ ಪಾಸ್‌ವರ್ಡ್), ಪ್ರಾಕ್ಸಿಯ ಐಪಿ ವಿಳಾಸ ಮತ್ತು ಪೋರ್ಟ್, ಸಾಧ್ಯವಾದರೆ ಪ್ರಾಕ್ಸಿ ಯಂತ್ರಕ್ಕೇ ಲಾಗಿನ್. ಸ್ಕ್ವಿಡ್‌ನ ಮಾಮೂಲಿ ಪೋರ್ಟ್ 3128. ಇಲ್ಲಿ ಉದಾಹರಣೆಗೆ ಪ್ರಾಕ್ಸಿ ವಿಳಾಸ 192.168.1.5 ಅಂತ ಇಟ್ಟುಕೊಂಡಿದ್ದೇನೆ, ನಿಮ್ಮದನ್ನು ಹಾಕಿಕೊಳ್ಳಿ. ಕಮಾಂಡ್‌ಗಳನ್ನು ಕನ್ನಡ ಲಿಪಿಯಲ್ಲಿ ಬರೆದಿದ್ದೇನೆ, ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರದಲ್ಲೇ ಹೊಡೆಯಬೇಕು.

ಹಂತ 1: ಎರರ್ ಓದಿ

ಟರ್ಮಿನಲ್ ತೆರೆದು ಇದನ್ನು ಹೊಡೆಯಿರಿ:

ಸುಡೊ ಆಪ್ಟ್ ಅಪ್‌ಡೇಟ್

ಆಪ್ಟ್ ಅಂದರೆ ಉಬುಂಟು, ಡೆಬಿಯನ್‌ಗಳಲ್ಲಿ ಪ್ಯಾಕೇಜ್ ತರುವ, ಹಾಕುವ ತಂತ್ರಾಂಶ. ಬಟನ್ ಒತ್ತುವ ಅಪ್‌ಡೇಟರ್ ಕಿಟಕಿಯನ್ನು ಈಗ ಮುಟ್ಟಬೇಡಿ. ಅದು "ಇಂಟರ್ನೆಟ್ ನೋಡಿಕೊಳ್ಳಿ" ಅಂತ ಹೇಳಿ ಸುಮ್ನೆ ಕೂರುತ್ತದೆ, ಅಸಲಿ ಕಾರಣ ಹೇಳುವುದಿಲ್ಲ.

ಟರ್ಮಿನಲ್‌ನಲ್ಲಿ ಬರುವ ಸಾಲು ತಪ್ಪು ಯಾವ ಕಡೆ ಇದೆ ಅಂತ ಹೆಚ್ಚು ಕಡಿಮೆ ಹೇಳಿಬಿಡುತ್ತದೆ. "ಕುಡ್ ನಾಟ್ ರಿಸಾಲ್ವ್" ಅಥವಾ "ಕನೆಕ್ಷನ್ ಟೈಮ್ಡ್ ಔಟ್" ಬಂದರೆ ಆಪ್ಟ್‌ಗೆ ಪ್ರಾಕ್ಸಿ ಇರುವುದೇ ಗೊತ್ತಿಲ್ಲ, ಅಥವಾ ಪ್ರಾಕ್ಸಿ ತಲುಪುತ್ತಿಲ್ಲ. ಹಂತ 3ಕ್ಕೆ ಹೋಗಿ. 407 ಬಂದರೆ ಪ್ರಾಕ್ಸಿ ಯೂಸರ್‌ನೇಮ್, ಪಾಸ್‌ವರ್ಡ್ ಕೇಳುತ್ತಿದೆ, ಅದೂ ಹಂತ 3. 403 ಬಂದರೆ ಪ್ರಾಕ್ಸಿ ನಿಮ್ಮನ್ನು ಒಳಗೆ ಬಿಡುತ್ತಿಲ್ಲ, ಅದು ಹಂತ 5. "ಹ್ಯಾಶ್ ಸಮ್ ಮಿಸ್‌ಮ್ಯಾಚ್" ಅಥವಾ "ಫೈಲ್ ಹ್ಯಾಸ್ ಅನ್‌ಎಕ್ಸ್‌ಪೆಕ್ಟೆಡ್ ಸೈಜ್" ಬಂದರೆ ಪ್ರಾಕ್ಸಿ ಹಳೆ ಫೈಲ್ ಕೊಟ್ಟಿರುವ ಸಾಧ್ಯತೆ ಜಾಸ್ತಿ, ಅದು ಹಂತ 4.

"ನಾಟ್ ವ್ಯಾಲಿಡ್ ಯೆಟ್" ಅಂತ ಬಂದರೆ ಅದು ಗಡಿಯಾರದ ಕೆಲಸ. ಎರರ್‌ನಲ್ಲಿ "ನೋಸ್ಪ್ಲಿಟ್" ಅನ್ನುವ ವಿಚಿತ್ರ ಪದ ಕಂಡರೆ ವೈಫೈ ಲಾಗಿನ್ ಪುಟ ಅಡ್ಡ ಬಂದಿದೆ. ಈ ಎರಡನ್ನೂ ಮೊದಲು ಮುಗಿಸೋಣ.

ಹಂತ 2: ಗಡಿಯಾರ ಮತ್ತು ಲಾಗಿನ್ ಪುಟ

ನೋಸ್ಪ್ಲಿಟ್ ಸುಲಭ. ಕ್ಯಾಂಪಸ್ ನೆಟ್‌ವರ್ಕ್‌ನಲ್ಲಿ ಮೊದಲು ಲಾಗಿನ್ ಪುಟ ಬರುತ್ತದಲ್ವಾ, ಆಪ್ಟ್ ಕೇಳಿದ್ದು ಪ್ಯಾಕೇಜ್ ಪಟ್ಟಿ, ಅದಕ್ಕೆ ಸಿಕ್ಕಿದ್ದು ಆ ಲಾಗಿನ್ ಪುಟ. ಬ್ರೌಸರ್ ತೆರೆದು ಲಾಗಿನ್ ಆಗಿ, ಮತ್ತೆ ಅಪ್‌ಡೇಟ್ ಹೊಡೆಯಿರಿ.

ಗಡಿಯಾರದ್ದು ಸ್ವಲ್ಪ ಬೇರೆ. ಹಳೆ ಡೆಸ್ಕ್‌ಟಾಪ್‌ಗಳು ಬೇಸಿಗೆ ಪೂರ್ತಿ ಆಫ್ ಆಗಿದ್ದು, ಮದರ್‌ಬೋರ್ಡ್‌ನ ಗುಂಡಿ ಸೆಲ್ ಖಾಲಿಯಾಗಿದ್ದರೆ ತಾರೀಕು ಎಷ್ಟೋ ವರ್ಷ ಹಿಂದಕ್ಕೆ ಹೋಗಿರುತ್ತದೆ. ಸರ್ವರ್‌ನಲ್ಲಿರುವ ಪಟ್ಟಿ ಇವತ್ತಿನದು, ನಿಮ್ಮ ಯಂತ್ರದ ಲೆಕ್ಕದಲ್ಲಿ ಅದು ಇನ್ನೂ ಹುಟ್ಟೇ ಇಲ್ಲ. ಹಾಗಾಗಿ ಆಪ್ಟ್ ಒಪ್ಪುವುದಿಲ್ಲ.

"ಇಂಟರ್ನೆಟ್ ಇದ್ದರೆ ಟೈಮ್ ತಾನೇ ಸರಿಹೋಗುತ್ತದೆ" ಅಂತ ಕಾಯಬೇಡಿ. ಟೈಮ್ ಹೊಂದಿಸುವ ಎನ್‌ಟಿಪಿ ಎಂಬ ವ್ಯವಸ್ಥೆ ಯುಡಿಪಿ ಪೋರ್ಟ್ 123ರಲ್ಲಿ ಓಡಾಡುತ್ತದೆ. ವೆಬ್ ಪ್ರಾಕ್ಸಿ ಅದನ್ನು ದಾಟಿಸುವುದಿಲ್ಲ. ಪ್ರಾಕ್ಸಿ ಬಿಟ್ಟು ಹೊರಗೆ ಹೋಗಲು ದಾರಿಯೇ ಇಲ್ಲದ ಲ್ಯಾಬ್‌ನಲ್ಲಿ ಗಡಿಯಾರ ತಾನಾಗಿ ಎಂದೂ ಸರಿಹೋಗದು. ಕೈಯಾರೆ ಹೊಂದಿಸಲು:

ಸುಡೊ ಟೈಮ್‌ಡೇಟ್‌ಸಿಟಿಎಲ್ ಸೆಟ್-ಎನ್‌ಟಿಪಿ ಫಾಲ್ಸ್

ಆಮೇಲೆ ಅದೇ ಕಮಾಂಡ್‌ನ ಸೆಟ್-ಟೈಮ್ ಬಳಸಿ, ವರ್ಷ-ತಿಂಗಳು-ದಿನ ಮತ್ತು ಗಂಟೆಯನ್ನು ಉದ್ಧರಣ ಚಿಹ್ನೆಯೊಳಗೆ ಕೊಡಿ. ಮೊದಲ ಸಾಲು ಬಿಟ್ಟರೆ "ಆಟೋಮ್ಯಾಟಿಕ್ ಸಿಂಕ್ ಆನ್ ಇದೆ" ಅಂತ ಹೇಳಿ ಟೈಮ್ ಬದಲಿಸಲು ಬಿಡುವುದಿಲ್ಲ. ಟೈಮ್ ಜೋನ್ ಏಷ್ಯಾ/ಕೋಲ್ಕತಾ ಇದೆಯೇ ಅಂತಲೂ ನೋಡಿ. ಸೆಲ್‌ನ ನಂಬರ್ ಬಹುತೇಕ ಯಂತ್ರಗಳಲ್ಲಿ ಸಿಆರ್2032, ಯಾವ ವಾಚ್ ಅಂಗಡಿಯಲ್ಲೂ ಸಿಗುತ್ತದೆ. ಒಟ್ಟಿಗೆ ತಂದು ಎಲ್ಲ ಯಂತ್ರಕ್ಕೂ ಹಾಕಿಬಿಡಿ. ಪ್ರಾಕ್ಸಿ ಯಂತ್ರಕ್ಕೆ ನೇರ ಇಂಟರ್ನೆಟ್ ಇದ್ದರೆ ಅದರ ಮೇಲೆ ಕ್ರೋನಿ ಎಂಬ ಎನ್‌ಟಿಪಿ ತಂತ್ರಾಂಶ ಹಾಕಿ, ಲ್ಯಾಬ್‌ಗೆಲ್ಲ ಟೈಮ್ ಕೊಡುವ ಕೆಲಸವನ್ನೂ ಅದಕ್ಕೇ ವಹಿಸಬಹುದು.

ಹಂತ 3: ಆಪ್ಟ್‌ಗೆ ಪ್ರಾಕ್ಸಿ ತೋರಿಸಿ

ಬ್ರೌಸರ್ ಓಡುತ್ತದೆ, ಆಪ್ಟ್ ಓಡುವುದಿಲ್ಲ ಎಂಬ ದೂರಿನ ಮೂಲ ಬಹಳ ಸಲ ಇಲ್ಲೇ ಇರುತ್ತದೆ. ಬ್ರೌಸರ್‌ಗೆ ಅದರದೇ ಪ್ರಾಕ್ಸಿ ಸೆಟ್ಟಿಂಗ್ ಇದೆ. ಟರ್ಮಿನಲ್‌ನಲ್ಲಿ ಎಚ್‌ಟಿಟಿಪಿ_ಪ್ರಾಕ್ಸಿ ಅಂತ ವೇರಿಯೇಬಲ್ ಕೊಟ್ಟರೂ, ಸುಡೊ ಹೊಡೆದ ಕೂಡಲೇ ಅದು ಮಾಯ. ಸುಡೊ ಭದ್ರತೆಗಾಗಿ ನಿಮ್ಮ ವೇರಿಯೇಬಲ್‌ಗಳನ್ನು ಮುಂದಕ್ಕೆ ಕಳಿಸುವುದಿಲ್ಲ. ಆದ್ದರಿಂದ ಆಪ್ಟ್‌ನ ಸ್ವಂತ ಕಡತದಲ್ಲೇ ಬರೆಯುವುದು ಒಳ್ಳೆಯದು.

/ಇಟಿಸಿ/ಆಪ್ಟ್/ಆಪ್ಟ್.ಕಾನ್ಫ್.ಡಿ ಫೋಲ್ಡರ್‌ನಲ್ಲಿ 95ಪ್ರಾಕ್ಸಿ ಎಂಬ ಫೈಲ್ ಮಾಡಿ, ಈ ಎರಡು ಸಾಲು ಹಾಕಿ:

ಅಕ್ವೈರ್::ಎಚ್‌ಟಿಟಿಪಿ::ಪ್ರಾಕ್ಸಿ "ಎಚ್‌ಟಿಟಿಪಿ://192.168.1.5:3128/";
ಅಕ್ವೈರ್::ಎಚ್‌ಟಿಟಿಪಿಎಸ್::ಪ್ರಾಕ್ಸಿ "ಎಚ್‌ಟಿಟಿಪಿ://192.168.1.5:3128/";

ಎರಡನೇ ಸಾಲನ್ನು ಗಮನಿಸಿ. ಎಡಕ್ಕೆ ಎಚ್‌ಟಿಟಿಪಿಎಸ್ ಇದ್ದರೂ ಬಲಕ್ಕೆ ಬರೀ ಎಚ್‌ಟಿಟಿಪಿ. ಎಡಗಡೆಯದು ಯಾವ ಬಗೆಯ ಸೈಟ್‌ಗೆ ಅಂತ, ಬಲಗಡೆಯದು ಪ್ರಾಕ್ಸಿ ಜೊತೆ ಹೇಗೆ ಮಾತಾಡಬೇಕು ಅಂತ. ಇಲ್ಲಿ "ಎಸ್" ಸೇರಿಸಿದವರು ಗಂಟೆಗಟ್ಟಲೆ ಒದ್ದಾಡುತ್ತಾರೆ.

ಇನ್ನೂ ಕೆಲವು ಕಡೆ ಎಡವುತ್ತಾರೆ. ಸಾಲನ್ನು ವಾಟ್ಸ್ಆ್ಯಪ್‌ನಿಂದಲೋ ವರ್ಡ್ ಫೈಲ್‌ನಿಂದಲೋ ಕಾಪಿ ಮಾಡಿದರೆ ನೇರ ಉದ್ಧರಣ ಚಿಹ್ನೆ ಬಾಗಿದ ಚಿಹ್ನೆಯಾಗಿ ಬಂದಿರಬಹುದು. ಕಣ್ಣಿಗೆ ಎರಡೂ ಒಂದೇ, ಆಪ್ಟ್‌ಗೆ ಅಲ್ಲ. ಕೈಯಾರೆ ಹೊಡೆಯಿರಿ. ಸಾಲಿನ ಕೊನೆಯ ಅರ್ಧವಿರಾಮ ಬಿಡಬೇಡಿ. ಫೈಲ್ ಹೆಸರಿನ ಕೊನೆಗೆ .ಟಿಎಕ್ಸ್‌ಟಿ ಸೇರಿದ್ದರೆ ಆಪ್ಟ್ ಆ ಫೈಲನ್ನೇ ಓದುವುದಿಲ್ಲ. 407 ಬಂದು ಈ ವಿಳಾಸದಲ್ಲೇ ಲಾಗಿನ್ ಸೇರಿಸುವಾಗ, ಪಾಸ್‌ವರ್ಡ್‌ನಲ್ಲಿ ಅಟ್ ಚಿಹ್ನೆ ಇದ್ದರೆ ಅದರ ಜಾಗದಲ್ಲಿ %40 ಹಾಕಬೇಕು, ಇಲ್ಲದಿದ್ದರೆ 407 ಹೋಗುವುದಿಲ್ಲ. ಮತ್ತೆ, ಈ ಫೈಲನ್ನು ಆ ಯಂತ್ರದಲ್ಲಿ ಕೂತ ಯಾರು ಬೇಕಾದರೂ ಓದಬಹುದು. ಪ್ರಿನ್ಸಿಪಾಲರ ಲಾಗಿನ್ ತಂದು ಇಲ್ಲಿ ಬರೆಯಬೇಡಿ, ಲ್ಯಾಬ್‌ಗೇ ಬೇರೆ ಲಾಗಿನ್ ಮಾಡಿಸಿ.

ಹಿಂದೆ ಯಾರೋ ಬೇರೆ ಫೈಲ್‌ನಲ್ಲಿ ಹಳೆ ಪ್ರಾಕ್ಸಿ ಬರೆದಿಟ್ಟಿರುವುದೂ ಉಂಟು. ಪತ್ತೆಗೆ:

ಆಪ್ಟ್-ಕಾನ್ಫಿಗ್ ಡಂಪ್ | ಗ್ರೆಪ್ -ಐ ಪ್ರಾಕ್ಸಿ

ಇಲ್ಲಿ ಕಾಣುವ ವಿಳಾಸವೇ ಆಪ್ಟ್ ನಂಬಿರುವ ವಿಳಾಸ. ನೀವು ಬರೆದದ್ದು ಇಲ್ಲಿ ಕಾಣದಿದ್ದರೆ ಮುಂದೆ ಹೋಗಬೇಡಿ.

ಹಂತ 4: ಹ್ಯಾಶ್ ಸಮ್ ಮಿಸ್‌ಮ್ಯಾಚ್

ಎಲ್ಲರಿಗೂ ತಲೆ ಕೆಡಿಸುವುದು ಇದೇ. ಒಳಗೆ ಏನಾಗುತ್ತದೆ ಅಂತ ಗೊತ್ತಾದರೆ ಅರ್ಧ ಕೆಲಸ ಮುಗಿದಂತೆ.

ರೆಪಾಸಿಟರಿ, ಅಂದರೆ ಪ್ಯಾಕೇಜ್‌ಗಳನ್ನು ಇಟ್ಟ ಸರ್ವರ್‌ನಲ್ಲಿ, ಎರಡು ಬಗೆಯ ಪಟ್ಟಿಗಳಿವೆ. ಮೇಲಿನದು ಇನ್‌ರಿಲೀಸ್. ಅದಕ್ಕೆ ಡಿಜಿಟಲ್ ಸಹಿ ಇರುತ್ತದೆ. ಅದರೊಳಗೆ ಉಳಿದ ಪ್ಯಾಕೇಜಸ್ ಪಟ್ಟಿಗಳ ಗಾತ್ರವೂ ಹ್ಯಾಶ್ ಕೂಡ ಬರೆದಿರುತ್ತದೆ. ಹ್ಯಾಶ್ ಅಂದರೆ ಫೈಲಿನ ಬೆರಳಚ್ಚು, ಒಂದು ಅಕ್ಷರ ಬದಲಾದರೂ ಅದು ಬದಲಾಗುತ್ತದೆ. ಆಪ್ಟ್ ಮೊದಲು ಇನ್‌ರಿಲೀಸ್ ತರುತ್ತದೆ, ಆಮೇಲೆ ಪ್ಯಾಕೇಜಸ್ ತಂದು ಬೆರಳಚ್ಚು ತಾಳೆ ನೋಡುತ್ತದೆ.

ನಡುವಿನ ಪ್ರಾಕ್ಸಿ ಇನ್‌ರಿಲೀಸನ್ನು ಹೊಸದಾಗಿ ತಂದು, ಪ್ಯಾಕೇಜಸ್ ಮಾತ್ರ ನಿನ್ನೆಯದನ್ನೇ ಕೊಟ್ಟರೆ? ಇವತ್ತಿನ ಪಾವತಿ ಹಿಡಿದು ನಿನ್ನೆಯ ತೊಗರಿ ಚೀಲ ತೂಗಿದ ಹಾಗೆ, ಲೆಕ್ಕ ಕೂಡುವುದಿಲ್ಲ. ಆಪ್ಟ್ ನಿಲ್ಲಿಸಿಬಿಡುತ್ತದೆ. ನಿಲ್ಲಿಸುವುದೇ ಸರಿ. ನಡುವೆ ಯಾರಾದರೂ ಫೈಲ್ ತಿದ್ದಿದ್ದರೂ ಇದೇ ಎರರ್ ಬರುತ್ತದೆ. ಹಾಗಾಗಿ ಸಹಿ ನೋಡುವುದನ್ನೇ ಆಫ್ ಮಾಡಿ ಅಂತ ಯಾರಾದರೂ ಸಲಹೆ ಕೊಟ್ಟರೆ ಕೇಳಬೇಡಿ.

ಮೊದಲು ನಿಮ್ಮ ಯಂತ್ರದಲ್ಲಿ ಉಳಿದ ಹಳೆ ಪಟ್ಟಿ ತೆಗೆಯಿರಿ:

ಸುಡೊ ಆರ್‌ಎಂ -ಆರ್‌ಎಫ್ /ವಾರ್/ಲಿಬ್/ಆಪ್ಟ್/ಲಿಸ್ಟ್ಸ್/*

ಎಂಟರ್ ಒತ್ತುವ ಮುಂಚೆ ಎರಡು ಸಲ ಓದಿ. /ವಾರ್‌ನಿಂದ ಕೊನೆಯ ನಕ್ಷತ್ರ ಚಿಹ್ನೆಯವರೆಗೆ ನಡುವೆ ಎಲ್ಲೂ ಖಾಲಿ ಜಾಗ ಬೀಳಬಾರದು. ತಪ್ಪಿ ಪಕ್ಕದ /ವಾರ್/ಲಿಬ್/ಡಿಪಿಕೆಜಿ ಫೋಲ್ಡರ್ ಅಳಿಸಿದರೆ ಯಂತ್ರದಲ್ಲಿ ಏನೇನು ಇನ್‌ಸ್ಟಾಲ್ ಆಗಿದೆ ಎಂಬ ದಾಖಲೆಯೇ ಅಳಿಸಿಹೋಗುತ್ತದೆ. ಲಿಸ್ಟ್ಸ್ ಅಳಿಸಿದರೆ ಏನೂ ನಷ್ಟವಿಲ್ಲ, ಅದು ಮತ್ತೆ ಬರುತ್ತದೆ.

ಈಗ ಅಪ್‌ಡೇಟ್ ಹೊಡೆಯಿರಿ. ಮತ್ತೆ ಅದೇ ಎರರ್ ಬಂದರೆ ಹಳೆ ಫೈಲ್ ಬರುತ್ತಿರುವುದು ಹೊರಗಿನಿಂದ. ಪ್ರಾಕ್ಸಿಯೇ ಕೊಡುತ್ತಿದೆಯೇ ಅಂತ ಖಚಿತ ಮಾಡಿಕೊಳ್ಳಲು:

ಸುಡೊ ಆಪ್ಟ್ -ಓ ಅಕ್ವೈರ್::ಎಚ್‌ಟಿಟಿಪಿ::ನೋ-ಕ್ಯಾಶ್=ಟ್ರೂ ಅಪ್‌ಡೇಟ್

"ಇಟ್ಟುಕೊಂಡ ಪ್ರತಿ ಬೇಡ, ಮೂಲದಿಂದ ತಾ" ಅಂತ ಪ್ರಾಕ್ಸಿಗೆ ಹೇಳುವ ಸಾಲು ಇದು. ಇದರಿಂದ ಅಪ್‌ಡೇಟ್ ಆದರೆ ಕಳ್ಳ ಸಿಕ್ಕ. ಸಾಮಾನ್ಯವಾಗಿ ಸ್ಕ್ವಿಡ್ ಆ ಹೊಸ ಪ್ರತಿಯನ್ನೇ ಇಟ್ಟುಕೊಳ್ಳುವುದರಿಂದ ಪಕ್ಕದ ಯಂತ್ರಗಳೂ ಸದ್ಯಕ್ಕೆ ಸರಿಹೋಗುತ್ತವೆ. ಇದರಿಂದಲೂ ಆಗದಿದ್ದರೆ, ಪ್ರಾಕ್ಸಿ ನಿಮ್ಮ ಮಾತನ್ನು ಕೇಳದಂತೆ ಯಾರೋ ಹೊಂದಿಸಿದ್ದಾರೆ (ಮುಂದಿನ ಹಂತ ನೋಡಿ), ಅಥವಾ ಮಿರರ್ ಎನ್ನುವ ನಕಲು ಸರ್ವರೇ ಆ ಹೊತ್ತಿಗೆ ಅರ್ಧ ಹೊಸದು ಅರ್ಧ ಹಳೆಯದು ಆಗಿರಬಹುದು. ಮಿರರ್‌ದಾದರೆ ಒಂದೆರಡು ತಾಸು ಬಿಟ್ಟು ನೋಡಿ.

ಉಬುಂಟು 16.04ರಿಂದ ಈಚೆಗೆ ಈ ತೊಂದರೆ ಕಡಿಮೆಯಾಗಿದೆ. ಈಗ ಪಟ್ಟಿಯನ್ನು ಅದರ ಹ್ಯಾಶ್ ಹೆಸರಿನಲ್ಲೇ ಕೇಳುವ ವ್ಯವಸ್ಥೆ ಇದೆ, ಹಳೆಯದು ಹೊಸದು ಬೆರೆಯುವುದಿಲ್ಲ. ಆದರೆ ಹೊರಗಿನ ಸಣ್ಣಪುಟ್ಟ ರೆಪಾಸಿಟರಿಗಳು ಎಷ್ಟೋ ಇನ್ನೂ ಹಳೆ ಪದ್ಧತಿಯಲ್ಲೇ ಇವೆ. ಎರರ್ ಬಂದ ಸಾಲಿನಲ್ಲಿ ಯಾವ ಸರ್ವರ್ ಹೆಸರಿದೆ ಅಂತ ನೋಡಿ.

ಹಂತ 5: ಸ್ಕ್ವಿಡ್ ಯಂತ್ರದ ಕಡೆ

ಇಲ್ಲಿಂದ ಪ್ರಾಕ್ಸಿಯ ಲಾಗಿನ್ ಬೇಕು. ನಿಮ್ಮಲ್ಲಿ ಇಲ್ಲದಿದ್ದರೆ ಇರುವವರನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ. ಲಾಗ್, ಅಂದರೆ ಬಂದ ಬೇಡಿಕೆಗಳ ದಾಖಲೆ, ಇರುವುದು /ವಾರ್/ಲಾಗ್/ಸ್ಕ್ವಿಡ್/ಆ್ಯಕ್ಸೆಸ್.ಲಾಗ್ ಫೈಲ್‌ನಲ್ಲಿ. ಟೇಲ್ -ಎಫ್ ಕೊಟ್ಟು ಅದನ್ನು ತೆರೆದಿಟ್ಟು, ಲ್ಯಾಬ್‌ನ ಒಂದು ಯಂತ್ರದಿಂದ ಅಪ್‌ಡೇಟ್ ಹೊಡೆಸಿ. ಸಾಲುಗಳು ಓಡತೊಡಗುತ್ತವೆ.

ಸಾಲೇ ಬರದಿದ್ದರೆ ಬೇಡಿಕೆ ಇಲ್ಲಿಗೆ ತಲುಪಿಲ್ಲ. ಫೈರ್‌ವಾಲ್‌ನಲ್ಲಿ 3128 ತೆರೆದಿದೆಯೇ ನೋಡಿ. ಟಿಸಿಪಿ_ಡಿನೈಡ್ ಅಂತಿದ್ದರೆ ಸ್ಕ್ವಿಡ್ ನಿರಾಕರಿಸಿದೆ. ಉಬುಂಟುವಿನಲ್ಲಿ ಹೊಸದಾಗಿ ಹಾಕಿದ ಸ್ಕ್ವಿಡ್ ಲ್ಯಾಬ್‌ನ ಯಂತ್ರಗಳನ್ನು ಒಳಗೇ ಬಿಡುವುದಿಲ್ಲ. ಎಚ್‌ಟಿಟಿಪಿ_ಆ್ಯಕ್ಸೆಸ್ ಅಲೋ ಲೋಕಲ್‌ನೆಟ್ ಎಂಬ ಸಾಲು ಮುಂದೆ ಹ್ಯಾಶ್ ಚಿಹ್ನೆ ಹೊತ್ತು ನಿಷ್ಕ್ರಿಯವಾಗಿ ಕೂತಿರುತ್ತದೆ. ಆ ಚಿಹ್ನೆ ತೆಗೆಯಿರಿ. ಟಿಸಿಪಿ_ಮಿಸ್ ಅಂದರೆ ಹೊರಗಿನಿಂದ ತಂದಿದೆ, ಟಿಸಿಪಿ_ಹಿಟ್ ಅಂದರೆ ತನ್ನಲ್ಲಿದ್ದದ್ದನ್ನು ಕೊಟ್ಟಿದೆ.

ಎರಡನೇ ಯಂತ್ರ, ಮೂರನೇ ಯಂತ್ರ ಅಪ್‌ಡೇಟ್ ಮಾಡುವಾಗಲೂ ದೊಡ್ಡ ಫೈಲ್‌ಗಳಿಗೆ ಮಿಸ್ಸೇ ಬರುತ್ತಿದೆಯೇ? ಹಾಗಿದ್ದರೆ ನಿಮ್ಮ ಕ್ಯಾಶ್ ಹೆಸರಿಗಷ್ಟೇ ಇದೆ. ಕಾರಣ ಸ್ಕ್ವಿಡ್‌ನ ಮೂಲ ಸೆಟ್ಟಿಂಗ್. ಹಾಕಿದ ಹಾಗೇ ಬಿಟ್ಟರೆ ಅದು ಡಿಸ್ಕ್‌ನಲ್ಲಿ ಏನನ್ನೂ ಇಡುವುದಿಲ್ಲ, 256 ಎಂಬಿ ಮೆಮೊರಿ ಮಾತ್ರ ಬಳಸುತ್ತದೆ. ಅದರಲ್ಲೂ 512 ಕೆಬಿಗಿಂತ ದೊಡ್ಡ ಫೈಲ್ ಇಟ್ಟುಕೊಳ್ಳುವುದಿಲ್ಲ. ಡಿಸ್ಕ್ ಕ್ಯಾಶ್ ಆನ್ ಮಾಡಿದರೂ ಒಂದು ಫೈಲಿಗೆ ಮಿತಿ 4 ಎಂಬಿ. ಉಬುಂಟುವಿನ ಲಿನಕ್ಸ್-ಫರ್ಮ್‌ವೇರ್ ಒಂದೇ ಪ್ಯಾಕೇಜ್ ನೂರಾರು ಎಂಬಿ ತೂಗುತ್ತದೆ. ಅದನ್ನು ಪ್ರತಿ ಯಂತ್ರವೂ ಬೇರೆ ಬೇರೆ ಎಳೆದರೆ ಲ್ಯಾಬ್ ಅವರ್ ಅದರಲ್ಲೇ ಮುಗಿಯಿತು.

/ಇಟಿಸಿ/ಸ್ಕ್ವಿಡ್/ಸ್ಕ್ವಿಡ್.ಕಾನ್ಫ್ ತೆರೆದು ಇವನ್ನು ಇದೇ ಕ್ರಮದಲ್ಲಿ ಹಾಕಿ:

ಮ್ಯಾಕ್ಸಿಮಮ್_ಆಬ್ಜೆಕ್ಟ್_ಸೈಜ್ 1024 ಎಂಬಿ
ಕ್ಯಾಶ್_ಡಿರ್ ಯುಎಫ್‌ಎಸ್ /ವಾರ್/ಸ್ಪೂಲ್/ಸ್ಕ್ವಿಡ್ 20000 16 256

20000 ಅಂದರೆ ಅಷ್ಟು ಎಂಬಿ ಜಾಗ. ಡಿಸ್ಕ್‌ನಲ್ಲಿ ಅಷ್ಟು ಖಾಲಿ ಇದೆಯೇ ನೋಡಿಕೊಂಡು ಹಾಕಿ. ಗಾತ್ರದ ಸಾಲು ಕ್ಯಾಶ್_ಡಿರ್‌ಗಿಂತ ಮೇಲೇ ಇರಲಿ. ಕೆಳಗೆ ಬರೆದು "ಇನ್ನೂ 4 ಎಂಬಿಯಲ್ಲೇ ನಿಂತಿದೆ" ಅನ್ನುವವರು ಇದ್ದಾರೆ. ನಂತರ ಸ್ಕ್ವಿಡ್ ನಿಲ್ಲಿಸಿ, ಸ್ಕ್ವಿಡ್ -ಜಡ್ ಕೊಟ್ಟು ಫೋಲ್ಡರ್‌ಗಳನ್ನು ಮಾಡಿಸಿ, ಮತ್ತೆ ಶುರು ಮಾಡಿ. ಯಾವ ಬದಲಾವಣೆ ಮಾಡಿದರೂ ಮೊದಲು ಸ್ಕ್ವಿಡ್ -ಕೆ ಪಾರ್ಸ್ ಕೊಟ್ಟು ತಪ್ಪು ಇದೆಯೇ ಅಂತ ನೋಡುವುದು ಕ್ಷೇಮ. ಒಂದು ಅಕ್ಷರ ತಪ್ಪಿದರೂ ಇಡೀ ಲ್ಯಾಬ್‌ನ ಇಂಟರ್ನೆಟ್ ನಿಲ್ಲಬಹುದು.

ಈಗ ರಿಫ್ರೆಶ್_ಪ್ಯಾಟರ್ನ್ ಸಾಲುಗಳು. ಯಾವ ಫೈಲನ್ನು ಎಷ್ಟು ಹೊತ್ತು ಹೊಸದೆಂದು ನಂಬಬೇಕು ಅಂತ ಸ್ಕ್ವಿಡ್‌ಗೆ ಹೇಳುವುದು ಇವೇ. ಹಿಂದಿನ ಹಂತದ ಹ್ಯಾಶ್ ಗೋಳಿನ ಬೇರು ಬಹುಪಾಲು ಇಲ್ಲೇ ಇರುತ್ತದೆ. ವೇಗ ಜಾಸ್ತಿ ಆಗಲಿ ಅಂತ ಎಲ್ಲಿಂದಲೋ ತಂದ ಸಾಲುಗಳಲ್ಲಿ ಓವರ್‌ರೈಡ್-ಎಕ್ಸ್‌ಪೈರ್, ಇಗ್ನೋರ್-ರಿಲೋಡ್ ಅಂತ ಕಂಡರೆ ಅನುಮಾನ ಪಡಿ. ಇಗ್ನೋರ್-ರಿಲೋಡ್ ಇದ್ದರೆ ನೀವು ಕೊಟ್ಟ ನೋ-ಕ್ಯಾಶ್ ಮಾತಿಗೂ ಬೆಲೆ ಇಲ್ಲ.

ನಿಯಮ ಸರಳ. .ಡೆಬ್ ಫೈಲ್‌ಗಳ (ಅಂದರೆ ಪ್ಯಾಕೇಜ್‌ಗಳ) ಹೆಸರಲ್ಲೇ ಆವೃತ್ತಿ ಸಂಖ್ಯೆ ಇರುತ್ತದೆ, ಅದೇ ಹೆಸರಿನಲ್ಲಿ ಬೇರೆ ಫೈಲ್ ಬರುವುದಿಲ್ಲ. ಅವನ್ನು ತಿಂಗಳುಗಟ್ಟಲೆ ಇಡಬಹುದು. ಈ ಸಾಲುಗಳಲ್ಲಿ ಲೆಕ್ಕ ನಿಮಿಷದಲ್ಲಿ, 129600 ಅಂದರೆ 90 ದಿನ. ಇನ್‌ರಿಲೀಸ್, ರಿಲೀಸ್, ಪ್ಯಾಕೇಜಸ್ ಪಟ್ಟಿಗಳಿಗೆ ಮಾತ್ರ 0, ಅಂದರೆ ಪ್ರತಿ ಸಲ ಮೂಲವನ್ನು ಕೇಳಿಯೇ ಕೊಡಬೇಕು. ಡೆಬಿಯನ್, ಉಬುಂಟು ಕೊಡುವ ಸ್ಕ್ವಿಡ್‌ನಲ್ಲಿ ಈ ಪಟ್ಟಿಗಳ ಸಾಲು ಮೊದಲೇ ಇರುತ್ತವೆ, ಅಳಿಸದಿದ್ದರೆ ಸಾಕು. ಇನ್ನೊಂದು ವಿಷಯ: ಸ್ಕ್ವಿಡ್ ಮೇಲಿನಿಂದ ಓದುತ್ತಾ ಮೊದಲು ಹೊಂದಿದ ಸಾಲಿಗೇ ನಿಲ್ಲುತ್ತದೆ. ಕೊನೆಯಲ್ಲಿ ಬರೀ ಚುಕ್ಕೆ ಇರುವ ಸಾಲು ಎಲ್ಲಕ್ಕೂ ಹೊಂದುತ್ತದೆ. ಅದರ ಕೆಳಗೆ ನೀವು ಯಾವ ರಿಫ್ರೆಶ್_ಪ್ಯಾಟರ್ನ್ ಬರೆದರೂ ಸ್ಕ್ವಿಡ್ ಅದನ್ನು ಬಳಸುವುದಿಲ್ಲ.

ಕರೆಂಟ್ ಹೋಗುವ ಊರುಗಳಿಗೆ ಇದೊಂದು ಸಾಲು. ಡೌನ್‌ಲೋಡ್ ನಡುವೆ ಲ್ಯಾಬ್ ಯಂತ್ರ ಆಫ್ ಆದರೆ ಸ್ಕ್ವಿಡ್ ಕೂಡ ಸಾಮಾನ್ಯವಾಗಿ ಅರ್ಧಕ್ಕೇ ಕೈಬಿಡುತ್ತದೆ. ಮತ್ತೆ ಶುರುವಾದಾಗ ಆಪ್ಟ್ ಉಳಿದ ಅರ್ಧ ಕೇಳುತ್ತದೆ, ಅಂಥ ತುಂಡನ್ನು ಸ್ಕ್ವಿಡ್ ಇಟ್ಟುಕೊಳ್ಳುವುದಿಲ್ಲ. ಪ್ರಾಕ್ಸಿ ಯುಪಿಎಸ್ ಮೇಲಿದ್ದರೆ ಕ್ವಿಕ್_ಅಬಾರ್ಟ್_ಮಿನ್ -1 ಕೆಬಿ ಅಂತ ಹಾಕಿ. ಕೇಳಿದ ಯಂತ್ರ ಹೋದರೂ ಫೈಲನ್ನು ಪೂರ್ತಿ ತಂದಿಡುತ್ತದೆ.

ಎಲ್ಲ ಯಂತ್ರಗಳೂ ಒಂದೇ ಮಿರರ್ ಬಳಸಲಿ. ಒಂದು ಯಂತ್ರ ಭಾರತದ ಮಿರರ್, ಇನ್ನೊಂದು ಮೂಲ ಸರ್ವರ್ ಕೇಳಿದರೆ ವಿಳಾಸ ಬೇರೆಯಾಗಿ, ಒಂದೇ ಫೈಲ್ ಎರಡು ಸಲ ಬರುತ್ತದೆ. ಉಬುಂಟು 24.04ರಲ್ಲಿ ಈ ವಿಳಾಸ ಸೋರ್ಸಸ್.ಲಿಸ್ಟ್.ಡಿ ಫೋಲ್ಡರ್‌ನ ಉಬುಂಟು.ಸೋರ್ಸಸ್ ಫೈಲ್‌ನಲ್ಲಿದೆ. ಹಳೆ ಸೋರ್ಸಸ್.ಲಿಸ್ಟ್ ತೆರೆದು ಖಾಲಿ ನೋಡಿ ಗಾಬರಿಯಾಗಬೇಡಿ.

ನನ್ನನ್ನು ಕೇಳಿದರೆ, ಪ್ರಾಕ್ಸಿ ಬೇಕಿರುವುದು ಅಪ್‌ಡೇಟ್‌ಗೆ ಮಾತ್ರ ಅನ್ನುವವರು ಸ್ಕ್ವಿಡ್ ಜೊತೆ ಇಷ್ಟೆಲ್ಲ ಗುದ್ದಾಡುವುದೇ ಬೇಡ. ಆಪ್ಟ್-ಕ್ಯಾಶರ್-ಎನ್‌ಜಿ ಹಾಕಿ. ಪೋರ್ಟ್ 3142. ಯಾವ ಫೈಲ್ ಬದಲಾಗುತ್ತದೆ, ಯಾವುದು ಬದಲಾಗುವುದಿಲ್ಲ ಅಂತ ಅದಕ್ಕೆ ಮೊದಲೇ ಗೊತ್ತು.

ಹಂತ 6: ಎಚ್‌ಟಿಟಿಪಿಎಸ್ ರೆಪಾಸಿಟರಿಗಳು

ಉಬುಂಟುವಿನ ಮೂಲ ಸರ್ವರ್‌ಗಳ ವಿಳಾಸ, ಹಾಕಿದ ಹಾಗೇ ಬಿಟ್ಟರೆ, ಸಾಮಾನ್ಯವಾಗಿ ಎಚ್‌ಟಿಟಿಪಿಯಲ್ಲೇ ಇರುತ್ತದೆ. ಅಪಾಯವಲ್ಲವೇ ಅಂದರೆ, ಪಟ್ಟಿಗೆ ಸಹಿ ಇರುವುದರಿಂದ ನಡುವೆ ತಿದ್ದಿದರೆ ಸಿಕ್ಕಿಬೀಳುತ್ತದೆ. ಎಚ್‌ಟಿಟಿಪಿಎಸ್ ರೆಪಾಸಿಟರಿಯಲ್ಲಿ ಎಲ್ಲವೂ ಗೂಢಲಿಪಿಯಲ್ಲಿ ಸಾಗುತ್ತದೆ. ಪ್ರಾಕ್ಸಿಗೆ ಸರ್ವರ್ ಹೆಸರು ಬಿಟ್ಟು ಬೇರೇನೂ ಕಾಣುವುದಿಲ್ಲ, ಹಾಗಾಗಿ ಕ್ಯಾಶ್ ಮಾಡಲೂ ಆಗದು.

ಆಪ್ಟ್-ಕ್ಯಾಶರ್-ಎನ್‌ಜಿ ಬಳಸುವಾಗ ಇಂಥ ರೆಪಾಸಿಟರಿಗೆ 403 ಬಂದು "ಕನೆಕ್ಟ್ ಡಿನೈಡ್" ಅಂದರೆ, ಅದರ ಕಾನ್ಫ್ ಫೈಲ್‌ನ ಪಾಸ್‌ಥ್ರೂಪ್ಯಾಟರ್ನ್‌ನಲ್ಲಿ ಆ ಸರ್ವರ್‌ಗೆ ಅನುಮತಿ ಕೊಡಿ. "ಸರ್ಟಿಫಿಕೇಟ್ ವೆರಿಫಿಕೇಶನ್ ಫೇಲ್ಡ್" ಬಂದರೆ ಮೊದಲು ಗಡಿಯಾರ ನೋಡಿ. ಅದು ಸರಿ ಇದ್ದರೆ, ಸಂಸ್ಥೆಯ ಫೈರ್‌ವಾಲ್ ನಡುವೆ ಬಿಚ್ಚಿ ಓದಿ ತನ್ನದೇ ಸರ್ಟಿಫಿಕೇಟ್ ಅಂಟಿಸುತ್ತಿರಬಹುದು. ನೆಟ್‌ವರ್ಕ್ ನೋಡುವವರಿಂದಲೇ ಆ ಸರ್ಟಿಫಿಕೇಟ್ ಪಡೆದು /ಯುಎಸ್‌ಆರ್/ಲೋಕಲ್/ಶೇರ್/ಸಿಎ-ಸರ್ಟಿಫಿಕೇಟ್ಸ್ ಫೋಲ್ಡರ್‌ಗೆ ಹಾಕಿ, ಸುಡೊ ಅಪ್‌ಡೇಟ್-ಸಿಎ-ಸರ್ಟಿಫಿಕೇಟ್ಸ್ ಹೊಡೆಯಿರಿ. ಫೈಲ್ ಹೆಸರು .ಸಿಆರ್‌ಟಿ ಎಂದೇ ಕೊನೆಯಾಗಬೇಕು.

ಹಂತ 7: ಸ್ನ್ಯಾಪ್ ಮತ್ತು ಫೆಡೋರಾ

ಆಪ್ಟ್ ಎಲ್ಲ ಸರಿಹೋಯಿತು, ಫೈರ್‌ಫಾಕ್ಸ್ ಮಾತ್ರ ಹಳೆಯದೇ? ಉಬುಂಟು 22.04ರಿಂದ ಫೈರ್‌ಫಾಕ್ಸ್ ಸ್ನ್ಯಾಪ್ (ಆಪ್ಟ್‌ಗಿಂತ ಬೇರೆಯಾದ ಪ್ಯಾಕೇಜ್ ವ್ಯವಸ್ಥೆ) ರೂಪದಲ್ಲಿ ಬರುತ್ತದೆ. ಸ್ನ್ಯಾಪ್‌ಗೆ ಆಪ್ಟ್‌ನ ಫೈಲ್ ಲೆಕ್ಕಕ್ಕಿಲ್ಲ, ಬೇರೆ ಹೇಳಬೇಕು:

ಸುಡೊ ಸ್ನ್ಯಾಪ್ ಸೆಟ್ ಸಿಸ್ಟಮ್ ಪ್ರಾಕ್ಸಿ.ಎಚ್‌ಟಿಟಿಪಿಎಸ್="ಎಚ್‌ಟಿಟಿಪಿ://192.168.1.5:3128"

ಪ್ರಾಕ್ಸಿ.ಎಚ್‌ಟಿಟಿಪಿಗೂ ಹೀಗೇ ಒಂದು ಸಾಲು.

ಫೆಡೋರಾ ಎಂಬ ಇನ್ನೊಂದು ಲಿನಕ್ಸ್‌ನಲ್ಲಿ /ಇಟಿಸಿ/ಡಿಎನ್‌ಎಫ್/ಡಿಎನ್‌ಎಫ್.ಕಾನ್ಫ್ ಒಳಗೆ ಪ್ರಾಕ್ಸಿ= ಅಂತ ವಿಳಾಸ ಕೊಟ್ಟರಾಯಿತು. ಆದರೆ ಅಲ್ಲಿ ಮೆಟಾಲಿಂಕ್ (ಮಿರರ್‌ಗಳ ಪಟ್ಟಿ ಕೊಡುವ ವಿಳಾಸ) ಇರುವುದರಿಂದ ಒಂದೊಂದು ಸಲ ಒಂದೊಂದು ಮಿರರ್‌ಗೆ ಹೋಗುತ್ತದೆ, ಕ್ಯಾಶ್‌ನಿಂದ ಲಾಭ ಸಿಗುವುದಿಲ್ಲ. ರೆಪೊ ಫೈಲ್‌ನಲ್ಲಿ ಮೆಟಾಲಿಂಕ್ ಸಾಲು ನಿಷ್ಕ್ರಿಯ ಮಾಡಿ, ಬೇಸ್‌ಯುಆರ್‌ಎಲ್‌ನಲ್ಲಿ ಒಂದೇ ಎಚ್‌ಟಿಟಿಪಿ ಮಿರರ್ ಕೊಡಿ.

ಪ್ರಾಕ್ಸಿಯ ತಪ್ಪಲ್ಲದ ಕೆಲವು

"ಕುಡ್ ನಾಟ್ ಗೆಟ್ ಲಾಕ್" ಬಂದರೆ ಹಿನ್ನೆಲೆಯಲ್ಲಿ ತಾನಾಗಿ ಅಪ್‌ಡೇಟ್ ನಡೆಯುತ್ತಿದೆ. ಕಾಯಿರಿ. ಲಾಕ್ ಫೈಲ್ ಅಳಿಸಿದರೆ ಅರ್ಧಂಬರ್ಧ ಇನ್‌ಸ್ಟಾಲ್ ಆಗಿ ಇನ್ನೂ ದೊಡ್ಡ ರಗಳೆ. .ಡೆಬ್ ಫೈಲಿಗೆ 404 ಬಂದರೆ ನಿಮ್ಮಲ್ಲಿರುವ ಪಟ್ಟಿ ಹಳೆಯದು, ಮೊದಲು ಅಪ್‌ಡೇಟ್ ಆಮೇಲೆ ಅಪ್‌ಗ್ರೇಡ್. ಪಟ್ಟಿಗಳಿಗೇ 404 ಬಂದರೆ ನಿಮ್ಮ ಉಬುಂಟು ಆವೃತ್ತಿಯ ಆಯುಷ್ಯ ಮುಗಿದಿದೆಯೇ ನೋಡಿ. ಎಲ್‌ಟಿಎಸ್ (ದೀರ್ಘಕಾಲ ಬೆಂಬಲ ಇರುವ ಆವೃತ್ತಿ) ಅಲ್ಲದ ಆವೃತ್ತಿಗೆ ಬೆಂಬಲ 9 ತಿಂಗಳಷ್ಟೇ, ಆಮೇಲೆ ಅದನ್ನು ಓಲ್ಡ್-ರಿಲೀಸಸ್ ಸರ್ವರ್‌ಗೆ ಸಾಗಿಸುತ್ತಾರೆ. ಲ್ಯಾಬ್‌ಗೆ ಎಲ್‌ಟಿಎಸ್ ಬಿಟ್ಟು ಬೇರೆ ಹಾಕಲೇಬೇಡಿ.

ಇನ್ನು "ಡಿಫರ್ಡ್ ಡ್ಯೂ ಟು ಫೇಸಿಂಗ್" ಅಂತ ಕೆಲವು ಪ್ಯಾಕೇಜ್ ಒಂದು ಯಂತ್ರದಲ್ಲಿ ಬಂದು ಪಕ್ಕದ ಯಂತ್ರದಲ್ಲಿ ಬರದೇ ಉಳಿಯುತ್ತವೆ. ಉಬುಂಟುವಿನವರು ಕೆಲವು ಅಪ್‌ಡೇಟ್‌ಗಳನ್ನು ಎಲ್ಲರಿಗೂ ಒಮ್ಮೆಗೇ ಬಿಡದೆ ಸ್ವಲ್ಪ ಸ್ವಲ್ಪ ಯಂತ್ರಗಳಿಗೆ ಬಿಡುತ್ತಾರೆ. ನಿಮ್ಮ ಸರದಿ ಬಂದಾಗ ತಾನೇ ಬರುತ್ತದೆ, ಅದಕ್ಕಾಗಿ ಸ್ಕ್ವಿಡ್ ಬಿಚ್ಚಬೇಡಿ.